ಗೊದ್ದದ ಗೂಡಿಗೆ ಎಷ್ಟು ನೀರು?

ಇರುವೆ ಸಾಲು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತಿದರೆ ಸಾಕು, ನಮ್ಮಜ್ಜಿ ಅಂಗಳದಲ್ಲಿ ಒಣಹಾಕಿದ ಅಡಿಕೆ ಎಳೆದುಕೊಳ್ಳಲು ಆಳಿಗೆ ಹೇಳುತ್ತಿದ್ದಳು. ಮಳೆ ಬಂದ ದಿನ ಆಕೆ ಗೆದ್ದಳು. ಬಾರದ ದಿನ ಯಾರೂ ನೆನಪಿಸುತ್ತಿರಲಿಲ್ಲ. ಆ ಬಿಳಿ ಕಾಳುಗಳು ಮೊಟ್ಟೆಯಲ್ಲ ಅನ್ನುವುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಇರುವೆಯ ನಿಜವಾದ ಮೊಟ್ಟೆ ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಅಜ್ಜಿ ಕಂಡಿದ್ದು ಬಹುಪಾಲು ಮರಿಹುಳು ಮತ್ತು ಕೋಶಗಳನ್ನು. ಇದ್ದ ಕೋಣೆಯಲ್ಲಿ ತೇವ ಏರಿದರೆ, ಇಳಿದರೆ, ಬಿಸಿ ತಂಪು ಹೆಚ್ಚುಕಡಿಮೆಯಾದರೆ ಇರುವೆಗಳು ಮೊದಲು ಮಾಡುವ ಕೆಲಸವೇ ಮರಿಗಳನ್ನು ಎತ್ತಿಕೊಂಡು ಸರಿಯಾದ ಜಾಗ ಹುಡುಕುವುದು. ದಿನಕ್ಕೆ ಎರಡು ಸಲ ಜಾಗ ಬದಲಿಸಲೂ ಅವಕ್ಕೆ ಬೇಸರವಿಲ್ಲ.

ಮನೆಯಲ್ಲಿ ಇರುವೆ ಸಾಕುವ ಹವ್ಯಾಸ ಈಗ ನಮ್ಮಲ್ಲೂ ಹಬ್ಬುತ್ತಿದೆ. ಹೊಸಬರು ಕೇಳುವ ಮೊದಲ ಪ್ರಶ್ನೆ ಆಹಾರದ್ದಲ್ಲ, "ಗೂಡಿಗೆ ಎಷ್ಟು ನೀರು ಹಾಕಬೇಕು?" ಅನ್ನುವುದು. ಐದು ವರ್ಷ ಗೊದ್ದ ಸಾಕಿ, ಒಂದು ಸಂಸಾರವನ್ನು ಒಣಗಿಸಿ, ಇನ್ನೊಂದನ್ನು ಮುಳುಗಿಸಿದ ಮೇಲೆ ನನ್ನ ಉತ್ತರ ಇಷ್ಟು: ಅಳತೆಯನ್ನು ನೀವು ನಿರ್ಧರಿಸಲು ಹೋಗಬೇಡಿ. ಗೂಡಿನ ಒಂದು ತುದಿ ಒದ್ದೆ, ಇನ್ನೊಂದು ತುದಿ ಒಣಗಿದ್ದು, ನಡುವೆ ಪಸೆ ಮೆಲ್ಲಗೆ ಇಳಿಯುತ್ತ ಹೋಗುವ ಹಾಗೆ ಕಟ್ಟಿ. ಎಲ್ಲಿ ಇರಬೇಕು ಅನ್ನುವುದನ್ನು ಇರುವೆಗಳು ನೋಡಿಕೊಳ್ಳುತ್ತವೆ.

ಇದು ನಾನು ಕಂಡುಹಿಡಿದದ್ದೇನಲ್ಲ. ಫ್ರಾನ್ಸಿನ ಚಾರ್ಲ್ಸ್ ಜಾನೆ ಪ್ಲಾಸ್ಟರಿನಲ್ಲಿ ಸಾಲು ಕೋಣೆ ಕೊರೆದು, ಮೇಲೆ ಗಾಜು ಮುಚ್ಚಿ, ಒಂದು ತುದಿಯಲ್ಲಿ ಮಾತ್ರ ನೀರಿನ ಗುಂಡಿ ಇಟ್ಟ ಗೂಡುಗಳನ್ನು ಮಾಡಿದ್ದ. 1900ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ಜನ ಅವನ ಇರುವೆ ಗೂಡುಗಳನ್ನು ನೋಡಿದರು. ಅದಕ್ಕೂ ಮೊದಲು ಇಂಗ್ಲೆಂಡಿನ ಜಾನ್ ಲಬಕ್ ಎರಡು ಗಾಜಿನ ನಡುವೆ ತೆಳ್ಳಗೆ ಮಣ್ಣು ಹರಡಿ ಇರುವೆ ಸಾಕಿದ್ದ. ಅವನ ಒಂದು ರಾಣಿ ಸುಮಾರು 15 ವರ್ಷ ಬದುಕಿ 1888ರಲ್ಲಿ ಸತ್ತಿತು. ಕರೆಂಟೂ ಇಲ್ಲದ, ತೇವ ಅಳೆಯುವ ಡಿಜಿಟಲ್ ಮೀಟರೂ ಇಲ್ಲದ ಕಾಲ ಅದು.

ರಾಣಿಗೆ ಮೊದಲು ಪ್ರನಾಳ

ನಾನು ಬರೆಯುತ್ತಿರುವುದು ಗೊದ್ದದ ಬಗ್ಗೆ. ನಮ್ಮ ಮಾವು, ಹಲಸಿನ ಬುಡದಲ್ಲಿ, ರಸ್ತೆ ಬದಿಯ ಹೊಂಗೆಯ ಬೇರಿನಲ್ಲಿ ಕಾಣುವ ದೊಡ್ಡ ಕರಿ ಇರುವೆ. ಕೆಲವು ಕಡೆ ಕಟ್ಟಿರುವೆ ಅನ್ನುತ್ತಾರೆ. ವಿಜ್ಞಾನದ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಕುಟುಕುವ ಮುಳ್ಳಿಲ್ಲ, ಕಚ್ಚುತ್ತದೆ, ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಇರುವೆ ಇಲ್ಲ. ಕಣ್ಣಿಗೆ ಕಾಣುವಷ್ಟು ದೊಡ್ಡದು, ಒಣಹವೆ ತಡೆಯುತ್ತದೆ, ನಮ್ಮ ತಪ್ಪುಗಳನ್ನು ಒಂದಷ್ಟು ದಿನ ಕ್ಷಮಿಸುತ್ತದೆ.

ಮಳೆ ಬಿದ್ದ ಸಂಜೆ ರೆಕ್ಕೆ ಉದುರಿಸಿಕೊಂಡು ನೆಲದ ಮೇಲೆ ಒಬ್ಬಳೇ ಓಡಾಡುವ ರಾಣಿ ಸಿಕ್ಕರೆ ನೇರವಾಗಿ ದೊಡ್ಡ ಗೂಡಿಗೆ ಬಿಡಬೇಡಿ. ಶಾಲೆಯ ಪ್ರಯೋಗಶಾಲೆಗೆ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಪ್ರನಾಳ ತನ್ನಿ. ಮೂರನೇ ಒಂದು ಭಾಗ ನೀರು ತುಂಬಿ, ನೀರಿಗೆ ತಾಗುವ ಹಾಗೆ ಹತ್ತಿಯ ಉಂಡೆ ತಳ್ಳಿ, ರಾಣಿಯನ್ನು ಬಿಟ್ಟು, ಬಾಯಿಗೆ ಸಡಿಲವಾಗಿ ಒಣ ಹತ್ತಿ ಮುಚ್ಚಿ, ಕತ್ತಲಲ್ಲಿ ಇಡಿ. ಮೊದಲ ಕೆಲಸಗಾರರು ಕೋಶ ಹರಿದು ಬರುವವರೆಗೆ ಗೊದ್ದದ ರಾಣಿಗೆ ಊಟ ಬೇಕಿಲ್ಲ. ಇನ್ನು ಹಾರುವ ಕೆಲಸವಿಲ್ಲವಲ್ಲ, ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿ ಮರಿ ಸಾಕುತ್ತಾಳೆ. ನೀರು ಮಾತ್ರ ಬೇಕೇ ಬೇಕು. ಒದ್ದೆ ಹತ್ತಿಯ ಪಕ್ಕ ತೇವ ಹೆಚ್ಚು, ಬಾಯಿಯ ಕಡೆ ಕಡಿಮೆ. ಜಾನೆಯ ಗೂಡಿನ ಲೆಕ್ಕವೇ ಒಂದು ಗೇಣಿನೊಳಗೆ ಮುಗಿಯಿತು.

ಒದ್ದೆ ಹತ್ತಿ ಎಷ್ಟು ದಿನ ಬದುಕಿಸಬಲ್ಲದು ಅನ್ನುವುದಕ್ಕೆ ಒಂದು ಬೇಸರದ ಸಾಕ್ಷಿಯೂ ಇದೆ. 2025ರಲ್ಲಿ ಕೀನ್ಯಾದಲ್ಲಿ ಸುಮಾರು 5,000 ಇರುವೆಗಳನ್ನು ಹತ್ತಿ ತುರುಕಿದ ಪ್ರನಾಳಗಳಲ್ಲಿಟ್ಟು ಹೊರದೇಶಕ್ಕೆ ಸಾಗಿಸಲು ಹೊರಟ ಇಬ್ಬರು ಹದಿಹರೆಯದವರು ಸಿಕ್ಕಿಬಿದ್ದು ದಂಡ ತೆತ್ತರು. ಆ ವ್ಯವಸ್ಥೆಯಲ್ಲಿ ಇರುವೆಗಳು ಎರಡು ತಿಂಗಳು ಬದುಕಬಲ್ಲವು ಎಂದು ಅಲ್ಲಿನ ಅಧಿಕಾರಿಗಳು ಹೇಳಿದ್ದರು. ದೂರದೇಶದ ಇರುವೆಗೆ ಆಸೆಪಡಬೇಡಿ. ಹೊಂಗೆ ಮರದ ಬುಡದಲ್ಲಿರುವುದರಲ್ಲೇ ಒಂದು ಜನ್ಮಕ್ಕಾಗುವಷ್ಟು ನೋಡುವುದಿದೆ.

ಪ್ರನಾಳದಲ್ಲಿ ಎರಡು ಅಪಾಯಗಳಿವೆ. ಹತ್ತಿ ಸಡಿಲವಾದರೆ ನೀರು ಸೋರುತ್ತದೆ. ಇದು ಯಾರಿಗಾದರೂ ಹೊಳೆಯುವಂಥದ್ದು. ಎರಡನೆಯದು ಮೋಸದ್ದು. ನೀರಿನ ಭಾಗದಲ್ಲಿ ದೊಡ್ಡ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ, ಮಧ್ಯಾಹ್ನ ಬಿಸಿಗೆ ಆ ಗಾಳಿ ಹಿಗ್ಗಿ ನೀರನ್ನು ಹತ್ತಿಯ ಮೂಲಕ ಹೊರಗೆ ನೂಕುತ್ತದೆ. ಬೆಳಿಗ್ಗೆ ಸರಿಯಿದ್ದ ಪ್ರನಾಳ ಸಂಜೆ ಕೆರೆಯಾಗಿರುತ್ತದೆ. ಕಿಟಕಿಯ ಪಕ್ಕ, ಫ್ರಿಜ್ಜಿನ ಮೇಲೆ, ಟಿವಿಯ ಹಿಂದೆ ಇಡಬೇಡಿ ಅನ್ನುವುದು ಅದಕ್ಕೇ. ನನ್ನ ಮೊದಲ ರಾಣಿ ಸತ್ತದ್ದು ಹೀಗೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಬೆಂಗಳೂರಿನ ಬಾಡಿಗೆ ಮನೆಯ ಪಡುವಣ ಕಿಟಕಿಯಲ್ಲಿ.

ಯಾವುದರಲ್ಲಿ ಕಟ್ಟುವುದು

ಇಪ್ಪತ್ತು ಮೂವತ್ತು ಕೆಲಸಗಾರರಾಗುವವರೆಗೆ ಪ್ರನಾಳ ಸಾಕು. ಆಮೇಲೆ ಗೂಡು. ಸಣ್ಣ ಸಂಸಾರಕ್ಕೆ ದೊಡ್ಡ ಬಂಗಲೆ ಕಟ್ಟಿದರೆ ಖಾಲಿ ಕೋಣೆಗಳೆಲ್ಲ ಕಸದ ತೊಟ್ಟಿಯಾಗುತ್ತವೆ, ಕಸಕ್ಕೆ ತೇವ ಸೇರಿದರೆ ಬೂಷ್ಟು ಬರುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಅದರ ಗುಣ ಅರ್ಥವಾಗಬೇಕಾದರೆ ಒಂದು ಲೆಕ್ಕ ತಿಳಿದಿರಬೇಕು. 100 ಗ್ರಾಂ ಪುಡಿ ಗಟ್ಟಿಯಾಗುವಾಗ ಒಳಗೆ ಹಿಡಿದುಕೊಳ್ಳುವ ನೀರು 18-19 ಗ್ರಾಂ ಅಷ್ಟೇ. ಕಲಸಲು ಅನುಕೂಲವಾಗಲಿ ಎಂದು ನಾವು ಹಾಕುವುದು 60-70 ಗ್ರಾಂ. ಮಿಕ್ಕ ನೀರು ಒಣಗಿ ಹೋದ ಜಾಗವೆಲ್ಲ ಸಣ್ಣ ಸಣ್ಣ ರಂಧ್ರ. ಮುಂದೆ ನೀರು ಹೀರುವುದು ಆ ರಂಧ್ರಗಳೇ. ನೀರು ಜಾಸ್ತಿ ಹಾಕಿ ತೆಳ್ಳಗೆ ಕಲಸಿದರೆ ಗೂಡು ಚೆನ್ನಾಗಿ ಹೀರುತ್ತದೆ, ಆದರೆ ಮೆತ್ತಗಾಗುತ್ತದೆ. ಗಟ್ಟಿಯಾಗಿ ಕಲಸಿದರೆ ಬಲ ಬರುತ್ತದೆ, ಹೀರುವುದು ನಿಧಾನ. ಒದ್ದೆಯಾದ ಮೆತ್ತನೆ ಪ್ಲಾಸ್ಟರನ್ನು ಗೊದ್ದ ಕಡಿದು ಹಾಕುತ್ತದೆ. ನೀರಿನಲ್ಲಿ ಪ್ಲಾಸ್ಟರ್ ಅಷ್ಟಿಷ್ಟು ಕರಗುವುದೂ ಉಂಟು, ಲೀಟರಿಗೆ ಎರಡು ಗ್ರಾಂ ಚಿಲ್ಲರೆ. ಹಾಗಾಗಿ ಸದಾ ಒದ್ದೆಯಿರುವ ಮೂಲೆ ವರ್ಷ ಕಳೆಯುವುದರೊಳಗೆ ಸವೆದಿರುತ್ತದೆ. ಪ್ಲಾಸ್ಟರ್ ಗೂಡು ಶಾಶ್ವತವಲ್ಲ ಅಂತ ತಿಳಿದೇ ಕಟ್ಟಬೇಕು.

ನನ್ನ ಒಲವು ಎಎಸಿ ಬ್ಲಾಕಿನ ಕಡೆ. ಬೆಂಗಳೂರಿನಲ್ಲಿ ಯಾವ ಅಪಾರ್ಟ್‌ಮೆಂಟ್ ಕೆಲಸ ನಡೆಯುವ ಜಾಗಕ್ಕೆ ಹೋದರೂ ಆ ಹಗುರ ಬೂದು ಬ್ಲಾಕಿನ ಚೂರುಗಳು ರಾಶಿ ಬಿದ್ದಿರುತ್ತವೆ. ಮೇಸ್ತ್ರಿಯನ್ನು ಕೇಳಿದರೆ "ತಗೊಂಡೋಗಿ ಸಾರ್" ಅನ್ನುತ್ತಾನೆ. ಯಾತಕ್ಕೆ ಅಂತ ಹೇಳಿದರೆ ಮಾತ್ರ ಮೇಲಿಂದ ಕೆಳಗೆ ನೋಡುತ್ತಾನೆ. ಯುರೋಪಿನ ಇರುವೆ ಸಾಕಣೆಗಾರರು ದಶಕಗಳಿಂದ ಬಳಸುತ್ತಿರುವುದೂ ಇದನ್ನೇ. ಸ್ಕ್ರೂ ಡ್ರೈವರಿನಲ್ಲಿ ಕೊರೆಯುವಷ್ಟು ಮೆದು, ಗೊದ್ದಕ್ಕೆ ಸುಲಭಕ್ಕೆ ಕಡಿಯಲಾಗದಷ್ಟು ಗಟ್ಟಿ, ಮೈಯೆಲ್ಲ ಗಾಳಿಗುಳ್ಳೆ. ಬ್ಲಾಕನ್ನು ಒದ್ದೆ ಮಾಡಿಕೊಂಡೇ ಕೊರೆಯಿರಿ, ಮೂಗಿಗೆ ಮಾಸ್ಕ್ ಇರಲಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೊರೆದ ಮೇಲೆ ನಾಲ್ಕೈದು ದಿನ ನೀರಿನಲ್ಲಿ ನೆನೆಸಿ, ದಿನವೂ ನೀರು ಚೆಲ್ಲಿ, ಸುಣ್ಣದಂಶ ತೊಳೆದು, ಪೂರ್ತಿ ಒಣಗಿಸಿ.

ಕೋಣೆಗಳ ಆಳ ಒಂದು ಸೆಂಟಿಮೀಟರಿನಿಂದ ಹನ್ನೆರಡು ಮಿಲಿಮೀಟರು. ಅದಕ್ಕಿಂತ ಆಳ ಬೇಡ. ಕೋಣೆ ದೊಡ್ಡದಾದಷ್ಟೂ ತೇವ ನಿಲ್ಲುವುದು ಕಷ್ಟ, ಇರುವೆಗಳೂ ಇಕ್ಕಟ್ಟನ್ನೇ ಇಷ್ಟಪಡುತ್ತವೆ. ನಾಲ್ಕೈದು ಕೋಣೆಗಳನ್ನು ಉದ್ದಕ್ಕೆ ಸಾಲಾಗಿ ಇಟ್ಟು, ನೀರಿನ ಗುಂಡಿಯನ್ನು ಒಂದು ತುದಿಯಲ್ಲಿ, ಕೊನೆಯ ಕೋಣೆಯಿಂದ ಎರಡು ಬೆರಳು ದೂರದಲ್ಲಿ ಕೊರೆಯಿರಿ. ಬಾಗಿಲು ಒಣಗಿದ ತುದಿಯಲ್ಲಿರಲಿ. ಹೆಚ್ಚಿನವರು ಎಡವುವುದು ಇಲ್ಲಿ. ನೋಡಲು ಚೆಂದ ಎಂದು ಗುಂಡಿಯನ್ನು ನಡುವೆ ಇಡುತ್ತಾರೆ. ಆಗ ಎಲ್ಲ ಕೋಣೆಯೂ ಒಂದೇ ರೀತಿ ಒದ್ದೆ, ಇರುವೆಗೆ ಆರಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ಕೋಣೆಗಳ ಮೇಲೆ ಗಾಜು ಮುಚ್ಚಿ, ಇಡೀ ಗೂಡನ್ನು ಇರುವೆಗಳು ಓಡಾಡಿ ಉಣ್ಣುವ ಒಂದು ಡಬ್ಬಿಯೊಳಗಿಡಿ. ಮುಂದೆ ಹೊರಗಿನ ಡಬ್ಬಿ ಅಂದರೆ ಇದೇ.

ಪ್ಲಾಸ್ಟರಿನಲ್ಲೇ ಕಟ್ಟುವವರಿಗೆ ನಾನು ಮಾಡಿ ನೋಡಿದ ಒಂದು ಉಪಾಯವಿದೆ. ದೀಪಾವಳಿಯ ಎರಡು ಮಣ್ಣಿನ ಹಣತೆ ತೆಗೆದುಕೊಳ್ಳಿ. ಬಣ್ಣ ಬಳಿಯದ, ಎಣ್ಣೆ ತಾಗದ ಹೊಸ ಹಣತೆಯೇ ಆಗಬೇಕು. ಬಾಯಿಗೆ ಬಾಯಿ ಕೂಡಿಸಿ, ಮೂತಿಯ ಸಂದಿನಲ್ಲಿ ಸಣ್ಣ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಸುತ್ತ ಪ್ಲಾಸ್ಟರ್ ಮೆತ್ತಿ, ಅಚ್ಚಿನ ಒಂದು ತುದಿಯಲ್ಲಿ ಇಟ್ಟು ಮೇಲೆ ಪ್ಲಾಸ್ಟರ್ ಸುರಿಯಿರಿ. ಕೊಳವೆಯ ತುದಿ ಹೊರಗಿರಲಿ. ಸಿರಿಂಜಿನಲ್ಲಿ ನೀರು ಬಿಟ್ಟರೆ ಹಣತೆಯೊಳಗೆ ನಿಲ್ಲುತ್ತದೆ, ಸುಟ್ಟ ಮಣ್ಣಿನ ಮೂಲಕ ಸ್ವಲ್ಪ ಸ್ವಲ್ಪವೇ ಜಿನುಗುತ್ತದೆ. ಬಯಲುಸೀಮೆಯ ಸಸಿಯ ಬುಡದಲ್ಲಿ ಮಡಕೆ ಹೂತು ನೀರುಣಿಸುವುದಿಲ್ಲವೇ, ಅದರ ಮರಿ ಇದು. ಸುತ್ತಲಿನ ಪ್ಲಾಸ್ಟರ್ ಒಣಗಿದಾಗ ಹೆಚ್ಚು ಎಳೆದುಕೊಳ್ಳುತ್ತದೆ, ತುಂಬಿದಾಗ ಎಳೆಯುವುದು ತಗ್ಗುತ್ತದೆ.

ತಕ್ಕಡಿ ನಂಬಿ

ತೇವ ಅಳೆಯುವ ಪುಟ್ಟ ಡಿಜಿಟಲ್ ಮೀಟರು ಕಡಿಮೆ ಬೆಲೆಗೆ ಸಿಗುತ್ತದೆ. ಕೊಂಡರೆ ತಪ್ಪಿಲ್ಲ, ಆದರೆ ಅದು ಹೇಳಿದ್ದೆಲ್ಲ ನಿಜವಲ್ಲ. ಪರೀಕ್ಷೆ ಸುಲಭ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಆಗುವ ಹಾಗೆ ಕೆಲವು ಹನಿ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು. ಮೀಟರಿನ ಜೊತೆ ಅದನ್ನು ಜಿಪ್ ಕವರಿನಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವ ನಮ್ಮ ಮನೆಯ ಬಿಸಿಯಲ್ಲಿ ಶೇ 75ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೀಟರು 68 ತೋರಿಸಿದರೆ ಮುಂದೆ ಏಳು ಕೂಡಿಸಿ ಓದಿಕೊಳ್ಳಿ. ಅಷ್ಟಾದರೂ ಅದು ಹೇಳುವುದು ತಾನಿರುವ ಜಾಗದ ಗಾಳಿಯ ಕತೆ. ಗೊದ್ದದ ಮರಿಹುಳು ಅಂಟಿಕೊಂಡ ಗೋಡೆಯ ಕತೆ ಬೇರೆ, ಅಲ್ಲಿಗೆ ಮೀಟರು ತೂರುವುದಿಲ್ಲ.

ಅದಕ್ಕೆ ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಹಿಡಿದೆ. ಇರುವೆ ಬಿಡುವ ಮುಂಚೆ ಗೂಡನ್ನು ಪೂರ್ತಿ ಒಣಗಿಸಿ ತೂಕ ಬರೆದಿಟ್ಟುಕೊಳ್ಳಿ. ತೂಕ ಇಳಿಯುವುದು ನಿಂತಾಗ ಒಣಗಿತು ಅಂತ ಅರ್ಥ. ಉದಾಹರಣೆಗೆ ಅದು 900 ಗ್ರಾಂ ಅನ್ನಿ. ನೀರು ಕುಡಿಸಿದ ಮೇಲೆ 1,020 ಆದರೆ ಒಳಗಿರುವ ನೀರು 120 ಗ್ರಾಂ. ಮೂರು ದಿನ ಬಿಟ್ಟು ತೂಗಿದಾಗ 990 ಬಂದರೆ ದಿನಕ್ಕೆ 10 ಗ್ರಾಂ ಆವಿಯಾಗುತ್ತಿದೆ. ಇನ್ನು ನೀರು ಯಾವಾಗ, ಎಷ್ಟು ಅನ್ನುವುದಕ್ಕೆ ಊಹೆ ಬೇಡ. ಇರುವೆಗಳ ತೂಕ ಲೆಕ್ಕಕ್ಕೆ ಬರುವಷ್ಟಿಲ್ಲ. ಈ ದಿನಕ್ಕಿಷ್ಟು ಅನ್ನುವ ಅಂಕಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮಾರ್ಚಿನದು ಜುಲೈಗೆ ಬಾರದು, ಬೆಂಗಳೂರಿನದು ಮಲೆನಾಡಿನ ಸಾಗರಕ್ಕೆ ಬಾರದು. ಈ ಮಾತನ್ನು ನಾನು ಕಲಿತದ್ದು ಹೇಗೆ ಅಂತ ಹೇಳಿಬಿಡುತ್ತೇನೆ.

ಒಂದು ಮಳೆಗಾಲ ಹದಿನೈದು ದಿನಕ್ಕೆಂದು ಊರಿಗೆ ಹೊರಟಾಗ ಗೂಡನ್ನೂ ಕಾರಿನಲ್ಲಿ ಒಯ್ದೆ. ಅಮ್ಮ ಬಾಗಿಲಲ್ಲೇ ತಡೆದಳು. "ಎಂತ ಮಾರಾಯ, ಊರೆಲ್ಲ ಇರುವೆಗೆ ಅರಿಶಿನ ಹಾಕಿ ಓಡಿಸ್ತದೆ, ನೀನು ಅದಕ್ಕೆ ಮನೆ ಕಟ್ಟಿಕೊಂಡು ತಿರುಗ್ತೀಯಲ್ಲ?" ಒಳಗೆ ಬಿಟ್ಟಳು, ದೇವರ ಕೋಣೆಯಿಂದ ದೂರ ಇಡುವ ಷರತ್ತಿನ ಮೇಲೆ. ನಾನು ಬೆಂಗಳೂರಿನ ಅಭ್ಯಾಸದಂತೆ ಮೂರು ದಿನಕ್ಕೊಮ್ಮೆ ಸಿರಿಂಜು ತುಂಬಿ ನೀರು ಬಿಡುತ್ತ ಹೋದೆ. ಹೊರಗೆ ಬಿಡದೆ ಸುರಿಯುವ ಮಳೆ, ಬಟ್ಟೆ ವಾರವಾದರೂ ಒಣಗದು, ಚಪ್ಪಲಿಯ ಮೇಲೂ ಬೂಷ್ಟು. ಗೂಡಿನಿಂದ ಆವಿ ಹೋಗುವುದಾದರೂ ಎಲ್ಲಿಗೆ? ಆರನೇ ದಿನ ಗಾಜಿನ ಒಳಮೈಯಲ್ಲಿ ಹನಿ ಸಾಲುಗಟ್ಟಿತ್ತು, ಕೊನೆಯ ಕೋಣೆಯಲ್ಲಿ ಬೂದು ಕೂದಲಿನಂಥ ಬೂಷ್ಟು. ಮರಿಗಳೆಲ್ಲ ಬಾಗಿಲ ಬಳಿ ರಾಶಿ. ಹನಿಗೆ ಸಿಕ್ಕಿ ಹತ್ತಾರು ಮರಿಹುಳು ಸತ್ತಿದ್ದವು. ಸಾಲದ್ದಕ್ಕೆ, ಇರುವೆ ಹತ್ತದಿರಲಿ ಎಂದು ಡಬ್ಬಿಯ ಅಂಚಿಗೆ ಸವರಿದ್ದ ಟಾಲ್ಕಂ ಪೌಡರು ಆ ಹವೆಗೆ ಪಸೆ ಹಿಡಿದು ಅಂಟಿಕೊಂಡಿತ್ತು. ಪೌಡರಿನ ಬೇಲಿ ನಿಲ್ಲುವುದು ಒಣಹವೆಯಲ್ಲಿ ಮಾತ್ರ. ಗೊದ್ದಗಳು ಮೆರವಣಿಗೆ ಹೊರಟು ಸಕ್ಕರೆ ಡಬ್ಬಿ ಮುಟ್ಟಿದ್ದವು. ಅಮ್ಮ ಆ ದಿನ ಹೇಳಿದ್ದನ್ನು ಇಲ್ಲಿ ಬರೆಯಲಾರೆ.

ರಾಯಚೂರು, ಕಲಬುರಗಿಯವರ ಪಾಡು ಇದಕ್ಕೆ ತಿರುಗುಮುರುಗು. ಏಪ್ರಿಲ್-ಮೇ ಮಧ್ಯಾಹ್ನದ ಒಣಗಾಳಿಗೆ ಪ್ಲಾಸ್ಟರ್ ಒಂದೆರಡು ದಿನದಲ್ಲಿ ಸುಣ್ಣದ ಕಲ್ಲಾಗುತ್ತದೆ. ಅಲ್ಲಿ ಗೂಡಿಗೆ ನೀರು ಕುಡಿಸುತ್ತ ಕೂರುವ ಬದಲು ಇಡೀ ಡಬ್ಬಿಯನ್ನು ಇನ್ನೊಂದು ದೊಡ್ಡ ಡಬ್ಬಿಯೊಳಗಿಟ್ಟು, ಪಕ್ಕದಲ್ಲಿ ಒದ್ದೆ ಸ್ಪಂಜು ಇಟ್ಟು, ಮುಚ್ಚಳ ಅರ್ಧ ಸರಿಸಿಟ್ಟರೆ ಆವಿಯಾಗುವುದು ತಾನಾಗಿ ತಗ್ಗುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ನೀರಿನ ಗುಂಡಿಯನ್ನು ಮರೆತೇಬಿಡಬಹುದು. ಹೊರಗಿನ ಡಬ್ಬಿಯಲ್ಲಿ ಕುಡಿಯಲು ಒಂದು ಹತ್ತಿಯ ಪ್ರನಾಳ ಇದ್ದರೆ ಸಾಕು.

ಗಾಜಿನ ಮೇಲಿನ ಹನಿ

ಗಾಜಿನ ಮೇಲೆ ಹನಿ ಕಂಡ ಕೂಡಲೇ "ನೀರು ಜಾಸ್ತಿಯಾಯಿತು" ಅನ್ನುವುದು ರೂಢಿ. ಹಲವು ಸಲ ತಪ್ಪು ನೀರಿನದಲ್ಲ, ಬಿಸಿಯದು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಗೆ ಇಳಿದರೆ ಅದಕ್ಕೆ ಹಿಡಿಯುವುದು 17 ಗ್ರಾಂ ಮಾತ್ರ. ಮಿಕ್ಕದ್ದು ಎಲ್ಲಿ ತಂಪಿದೆಯೋ ಅಲ್ಲಿ ಹನಿಯಾಗಿ ಕೂರುತ್ತದೆ. ಗೂಡಿನೊಳಗಿನ ತಂಪು ಜಾಗ ಅಂದರೆ ಹೊರಗಾಳಿಗೆ ಮುಖಮಾಡಿದ ಗಾಜು. ಒಲೆಯ ಮೇಲಿನ ತಪ್ಪಲೆಯ ಮುಚ್ಚಳದ ಒಳಗೆ ನೀರು ಕಟ್ಟುವುದೂ ಇದೇ ಕಾರಣಕ್ಕೆ.

ಆದ್ದರಿಂದ ಚಳಿಗಾಲದಲ್ಲಿ ಗೂಡಿಗೆ ಕೆಳಗಿನಿಂದ ಬಿಸಿ ಕೊಡುವುದು ಹನಿಗೆ ಆಹ್ವಾನ ಕೊಟ್ಟ ಹಾಗೆ. ಬುಡ ಬಿಸಿ, ಗಾಜು ತಂಪು. ಬಿಸಿ ಬೇಕೇ ಬೇಕು ಅನ್ನಿಸಿದರೆ ಗಾಜಿನ ಕಡೆಯಿಂದ ಕೊಡಿ, ಅದೂ ಒಣ ತುದಿಗೆ. ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಗೊದ್ದಕ್ಕೆ ಬಿಸಿಯ ಉಪಕರಣವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಗಾಜಿನ ಮೇಲೆ ದಪ್ಪ ಟವೆಲ್ ಹೊದಿಸಿದರೆ ಕತ್ತಲೂ ಆಯಿತು, ಗಾಜು ಬೇಗ ತಣ್ಣಗಾಗುವುದೂ ತಪ್ಪಿತು. ಬೆಳಗಿನ ಜಾವ ಮೂಲೆಯಲ್ಲಿ ತೆಳುವಾಗಿ ಮಂಜು ಕಂಡು ಹತ್ತು ಗಂಟೆಗೆ ಮಾಯವಾದರೆ ಗಾಬರಿ ಬೇಡ. ಮಧ್ಯಾಹ್ನವೂ ಹನಿ ನಿಂತಿದ್ದರೆ, ಹನಿ ಜಾರಿ ಕೋಣೆಯ ನೆಲದಲ್ಲಿ ನಿಲ್ಲುತ್ತಿದ್ದರೆ ನೀರು ನಿಲ್ಲಿಸಿ, ಗಾಳಿ ಹೆಚ್ಚಿಸಿ.

ಗಾಳಿಕಿಂಡಿ ಒಣ ತುದಿಯಲ್ಲಿರಲಿ, ಅಗಲ ಬೆರಳುಗುರಿನಷ್ಟು ಸಾಕು, ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ. ಪ್ಲಾಸ್ಟಿಕ್ ಜಾಲರಿಯನ್ನು ಗೊದ್ದ ಎರಡು ರಾತ್ರಿಯಲ್ಲಿ ಕತ್ತರಿಸುತ್ತದೆ. ತೇವ ಉಳಿಸುವ ಆಸೆಗೆ ಕಿಂಡಿ ಮುಚ್ಚುವವರೂ ಇದ್ದಾರೆ. ಗೊದ್ದ ಬೆದರಿದರೆ ಆಮ್ಲ ಚಿಮ್ಮಿಸುತ್ತದೆ ಅಂದೆನಲ್ಲ, ಗಾಳಿಯಾಡದ ಡಬ್ಬಿಯಲ್ಲಿ ಆ ಆವಿಗೆ ಅವೇ ಸಾಯುತ್ತವೆ.

ಬೂಷ್ಟಿನ ವಿಷಯದಲ್ಲಿ ಗೊದ್ದಕ್ಕೆ ಒಂದು ಕೊರತೆಯೂ ಇದೆ. ಬಹಳಷ್ಟು ಜಾತಿಯ ಇರುವೆಗಳ ಎದೆಯ ಹಿಂಭಾಗದಲ್ಲಿ ರೋಗಾಣು, ಬೂಷ್ಟುಗಳನ್ನು ತಡೆಯುವ ರಸ ಒಸರುವ ಗ್ರಂಥಿ ಇರುತ್ತದೆ. ಗೊದ್ದದ ಕುಲದ ಹೆಚ್ಚಿನ ಜಾತಿಗಳಲ್ಲಿ ಅದಿಲ್ಲ. ನೆಕ್ಕಿ ಶುಚಿ ಮಾಡಿಕೊಳ್ಳುವುದರಲ್ಲೇ ಅವು ಹೆಚ್ಚಿನ ಕೆಲಸ ಸಾಗಿಸಬೇಕು. ಆದ್ದರಿಂದ ಎಂಜಲು ಬಿಡಬೇಡಿ. ಜಿರಳೆ ತುಂಡು, ಬೆಂದ ಮೊಟ್ಟೆಯ ಚೂರು ಯಾವುದೇ ಇರಲಿ, ಗೂಡಿನೊಳಗೆ ಹಾಕದೆ ಹೊರಗಿನ ಡಬ್ಬಿಯಲ್ಲಿ ಇಟ್ಟು, ಮಾರನೇ ದಿನ ಉಳಿದದ್ದನ್ನು ಎತ್ತಿಬಿಡಿ. ಜೇನುನೀರನ್ನು ಹತ್ತಿಗೆ ಅದ್ದಿ ಕೊಡಿ, ಚೆಲ್ಲಿದ ಜೇನು ಇರುವೆಯ ಕಾಲನ್ನೂ ಹಿಡಿಯುತ್ತದೆ, ಬೂಷ್ಟನ್ನೂ ಕರೆಯುತ್ತದೆ. ಬೂಷ್ಟು ಕಂಡ ಕೋಣೆಗೆ ಯಾವ ಮದ್ದೂ ಬೇಡ. ಆ ತುದಿಯನ್ನು ಒಣಗಲು ಬಿಟ್ಟರೆ ಇರುವೆಗಳೇ ಕಿತ್ತು ಹೊರಗೆ ಹಾಕುತ್ತವೆ. ಮೂಲೆಯಲ್ಲಿ ಸಣ್ಣ ಚುಕ್ಕಿಯಷ್ಟು ಬೂಷ್ಟು ಇದ್ದು ಇರುವೆಗಳು ಅದರ ಪಕ್ಕವೇ ಆರಾಮಾಗಿದ್ದರೆ ನೀವೂ ಆರಾಮಾಗಿರಿ. ಮನೆಯವರು ಇರುವೆ ಸೀಮೆಸುಣ್ಣ ಗೀಚದಂತೆ ಮಾತ್ರ ಮೊದಲೇ ಹೇಳಿಟ್ಟಿರಿ.

ನೀರಿನ ಬಗ್ಗೆ ಒಂದು ಮಾತು. ನಲ್ಲಿ ನೀರಾದರೆ ಒಂದು ರಾತ್ರಿ ತೆರೆದ ಪಾತ್ರೆಯಲ್ಲಿಟ್ಟು ಬಳಸಿ. ಬೋರ್‌ವೆಲ್‌ನ ಗಡಸು ನೀರು ಬೇಡವೇ ಬೇಡ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಆರು ತಿಂಗಳಿಗೆ ಬ್ಲಾಕಿನ ಮೇಲೆ ಬಿಳಿ ಹೆಪ್ಪು ಕಟ್ಟಿ, ರಂಧ್ರ ಮುಚ್ಚಿ, ಗೂಡು ನೀರು ಕುಡಿಯುವುದನ್ನೇ ಬಿಡುತ್ತದೆ. ಮಳೆನೀರು ಅಥವಾ ಫಿಲ್ಟರಿನ ಆರ್‌ಒ ನೀರು ಒಳ್ಳೆಯದು.

ಅವು ಹೇಳುವುದನ್ನು ಓದುವುದು

ಮರಿಗಳ ರಾಶಿ ಎಲ್ಲಿದೆ ಅಂತ ದಿನಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ನೋಡಿ. ಒಂದೇ ಹೊತ್ತು ಯಾಕೆಂದರೆ ಅವು ಬಿಸಿ ನೋಡಿಕೊಂಡೂ ದಿನದೊಳಗೆ ಜಾಗ ಬದಲಿಸುತ್ತವೆ. ಗೊದ್ದದ ದಕ್ಷಿಣ ಅಮೆರಿಕದ ಸೋದರ ಜಾತಿಯೊಂದರಲ್ಲಿ ದಾದಿ ಇರುವೆಗಳು ಮರಿಗಳನ್ನು ಹಗಲು 30.8 ಡಿಗ್ರಿಯ ಜಾಗಕ್ಕೂ ರಾತ್ರಿ 27.5 ಡಿಗ್ರಿಯ ಜಾಗಕ್ಕೂ ಸಾಗಿಸುವುದನ್ನು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ ನೋಡಿ ತೇವದ ತೀರ್ಮಾನಕ್ಕೆ ಬಂದರೆ ಮೋಸಹೋಗುತ್ತೀರಿ.

ಮರಿಗಳು ನಡುಕೋಣೆಯಲ್ಲಿದ್ದರೆ ಎಲ್ಲ ಸರಿಯಿದೆ. ರಾಣಿ, ಮರಿ, ಕೆಲಸಗಾರರೆಲ್ಲ ನೀರಿನ ತುದಿಯ ಗೋಡೆಗೆ ಒತ್ತಿಕೊಂಡಿದ್ದರೆ ಒಣಗಿದೆ. ಇನ್ನೂ ತಡಮಾಡಿದರೆ ಮರಿಹುಳುಗಳ ಚರ್ಮ ಸುಕ್ಕಾಗುತ್ತದೆ, ಕೆಲಸಗಾರರ ಹೊಟ್ಟೆ ಬತ್ತುತ್ತದೆ, ಹೊರಗಿನ ಡಬ್ಬಿಯ ಹತ್ತಿಗೆ ಗುಂಪು ಮುತ್ತುತ್ತದೆ. ಎಲ್ಲವೂ ಬಾಗಿಲಿಗೆ, ಗಾಳಿಕಿಂಡಿಗೆ ಬಂದು ಕೂತಿದ್ದರೆ ಒದ್ದೆ ಹೆಚ್ಚು. ಒದ್ದೆ ಕೋಣೆಗೆ ಕಸ, ಮಣ್ಣು, ಸತ್ತ ಹುಳುವಿನ ರೆಕ್ಕೆ ತಂದು ತುಂಬುತ್ತಿದ್ದರೂ ಅದೇ ದೂರು. ಗೊದ್ದದಲ್ಲಿ ಇನ್ನೊಂದು ಸೂಕ್ಷ್ಮವನ್ನು ನಾನು ಗಮನಿಸಿದ್ದೇನೆ. ಮೊಟ್ಟೆ ಮತ್ತು ಎಳೆ ಮರಿಹುಳುಗಳನ್ನು ಪಸೆಯ ಕಡೆ, ರೇಷ್ಮೆಯ ಹೊದಿಕೆಯೊಳಗಿನ ಕೋಶಗಳನ್ನು ಸ್ವಲ್ಪ ಒಣ ಕಡೆ ಬೇರೆ ಬೇರೆ ರಾಶಿ ಹಾಕುತ್ತವೆ. ನಿಮ್ಮ ಗೂಡಿನಲ್ಲಿ ಹೀಗೆ ಎರಡು ರಾಶಿ ಕಂಡರೆ ತೇವದ ಇಳಿಜಾರು ಸರಿಯಾಗಿ ಕೂತಿದೆ ಅಂತ ಧೈರ್ಯ ತಂದುಕೊಳ್ಳಬಹುದು.

ಎಲ್ಲ ಇರುವೆಗೂ ಇದೇ ಲೆಕ್ಕವಲ್ಲ. ಹುಲ್ಲುಬೀಜ ಕೂಡಿಡುವ ಹೊಲದ ಇರುವೆಗೆ ಉಗ್ರಾಣ ಖಡಾಖಡಿ ಒಣಗಿರಬೇಕು, ಇಲ್ಲದಿದ್ದರೆ ಬೀಜ ಮೊಳೆಯುತ್ತದೆ. ಮಳೆ ಹೊಳವಾದಾಗ ಅವು ಬೀಜ ಹೊರತಂದು ಬಿಸಿಲಿಗೆ ಹರಡುವುದನ್ನು ಬಯಲುಸೀಮೆಯ ರೈತರು ಕಂಡೇ ಇರುತ್ತಾರೆ. ಚಟ್ನಿಗೆ ಹೆಸರಾದ ಚಿಗಳಿ ಎಲೆ ಹೊಲಿದು ಗೂಡು ಕಟ್ಟುವಂಥದ್ದು, ಅದಕ್ಕೆ ಪ್ಲಾಸ್ಟರ್ ಕೋಣೆ ಜೈಲು. ಇನ್ನು ಪ್ರಾಣಿಶಾಸ್ತ್ರಜ್ಞ ಜೆರ್ಡನ್ 1851ರಲ್ಲಿ ವರ್ಣಿಸಿದ ನಮ್ಮ ದಕ್ಷಿಣದ ಜಿಗಿಯುವ ಇರುವೆ ಇದೆಯಲ್ಲ, ಅದು ನನಗೆ ಗುರುವಿದ್ದಂತೆ. ಬೆಂಗಳೂರಿನ ಇರುವೆ ತಜ್ಞ ಮುಸ್ತಾಕ್ ಅಲಿ ಸೇರಿದಂತೆ ನಾಲ್ವರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರ ಗೂಡಿನ ವಿವರವಿದೆ. ಮೇಲಿನ ಕೋಣೆಗೆ ಕಮಾನಿನಂಥ ಛಾವಣಿ, ಆ ಕೋಣೆಗೂ ಸುತ್ತಲಿನ ಮಣ್ಣಿಗೂ ನಡುವೆ ಖಾಲಿ ಜಾಗ, ಒಳಗೋಡೆಗೆ ಖಾಲಿ ಕೋಶಗಳ ಚೂರಿನ ಹಾಸು. ಮಳೆನೀರು ನುಗ್ಗಿದರೂ ಸಂಸಾರ ನೆನೆಯದಿರಲೆಂದು ಇಷ್ಟು ಕಸುಬು. ಅದನ್ನು ಓದಿದ ಮೇಲೆಯೇ ನಾನು ನನ್ನ ಬ್ಲಾಕನ್ನು ಡಬ್ಬಿಯ ಗೋಡೆಗೆ ತಾಗಿಸದೆ ಸುತ್ತ ಒಂದು ಬೆರಳು ಜಾಗ ಬಿಡಲು ಶುರುಮಾಡಿದ್ದು. ಡಬ್ಬಿಯ ಮೂಲೆಯಲ್ಲಿ ನೀರು ನಿಂತರೂ ಕೋಣೆಗೆ ಏರುವುದಿಲ್ಲ.

ಊರಿಗೆ ಹೋಗುವವರಿಗೆ ಕೊನೆಯದಾಗಿ. ವಾರದ ಮಟ್ಟಿಗಾದರೆ ಹೊರಡುವ ಹಿಂದಿನ ದಿನ ತಕ್ಕಡಿಯ ಲೆಕ್ಕದಂತೆ ನೀರು ತುಂಬಿ, ಹೊರಡುವ ದಿನ ತುಂಬಬೇಡಿ. ಸೋರಿದರೆ ನೋಡಿಕೊಳ್ಳಲು ಒಂದು ದಿನ ಬೇಕು. ಹೊರಗಿನ ಡಬ್ಬಿಯಲ್ಲಿ ಹತ್ತಿಯ ಎರಡು ಪ್ರನಾಳ ಇಡಿ, ಒಂದು ಕೈಕೊಟ್ಟರೆ ಇನ್ನೊಂದು. ಹುಳದ ಆಹಾರ ಇಟ್ಟು ಹೋಗಬೇಡಿ; ನೀರಿದ್ದರೆ ಗೊದ್ದ ವಾರವನ್ನು ಹಸಿವಿನಲ್ಲಿ ಕಳೆಯುತ್ತದೆ. ಅದಕ್ಕೂ ಹೆಚ್ಚು ದಿನವಾದರೆ ಯಾರಾದರೂ ಬೇಕು. ಅವರಿಗೆ "ನೀರು ಹಾಕಿ" ಅನ್ನಬೇಡಿ, ಖಂಡಿತ ಜಾಸ್ತಿ ಹಾಕುತ್ತಾರೆ. ಎಲ್ಲಿ ನೋಡಬೇಕು ಅಂತ ಹೇಳಿಕೊಡಿ.

ನಾನು ಕಳೆದ ವರ್ಷ ಹತ್ತು ದಿನ ಹೊರಗಿದ್ದಾಗ ಅಮ್ಮ ಬೆಂಗಳೂರಿಗೆ ಬಂದಿದ್ದಳು. ಆರನೇ ದಿನ ಫೋನು. "ನಿನ್ನ ಗೊದ್ದ ಮಕ್ಕಳನ್ನೆಲ್ಲ ಎತ್ತಿಕೊಂಡು ಆ ಸಿರಿಂಜಿನ ಕೊಳವೆ ಬದಿಗೆ ಹೋಗಿ ಕೂತಾವೆ. ಒಂದು ಸಿರಿಂಜು ಸಾಕಲ್ವನಾ?"

ಒಂದೇ ಸಾಕು ಅಂದೆ.